ಬಾಗಿಲ ಮೇಲಿನ ಮೂವರು ಅರಸರು

ಯಾವೋರ್ನಿಕಿಯಲ್ಲಿ ಆ ವರ್ಷ ಮೂವರು ಅರಸರ ಹಬ್ಬದಂದು ನಡೆದ ಸಕಲ ಅನರ್ಥಕ್ಕೂ ಮೂಲ ಒಂದು ಹಿಡಿ ಒದ್ದೆ ಇದ್ದಿಲು. ಇದ್ದಿಲು ಒಣಗಿದ್ದಿದ್ದರೆ ಧೂಪಪಾತ್ರೆ ಸಕಾಲಕ್ಕೆ ಹೊತ್ತಿಕೊಳ್ಳುತ್ತಿತ್ತು. ಅದು ಹೊತ್ತಿಕೊಂಡಿದ್ದರೆ ಚರ್ಚಿನ ಪರಿಚಾರಕ ಬೋನಿಫಾತ್ಸಿ ವ್ರೂಬೆಲ್ ತಾನು ನಿಲ್ಲಬೇಕಾದ ಜಾಗದಲ್ಲಿ, ಎಂದರೆ ಪೀಠದ ಎಡಮಗ್ಗುಲಲ್ಲಿ, ಕೈಕಟ್ಟಿ ನಿಂತಿರುತ್ತಿದ್ದ. ಅಲ್ಲಿ ನಿಂತಿದ್ದರೆ, ಪ್ರತ್ಯಕ್ಷವನ್ನು ಕೈಬಿಟ್ಟು ಅನುಮಾನವನ್ನು ಪ್ರಮಾಣವಾಗಿ ಹಿಡಿಯುವ ದುರ್ಗತಿ ಅವನಿಗೆ ಒದಗುತ್ತಿರಲಿಲ್ಲ.

ಆದರೆ ಅವನು ಆ ಹೊತ್ತಿನಲ್ಲಿ ಪೂಜಾವಸ್ತ್ರಗಳ ಕೋಣೆಯ ಹಿಂದೆ, ಹಿಮದ ಮೇಲೆ ಮೊಣಕಾಲೂರಿ, ಕೆನ್ನೆಗಳನ್ನು ತಿದಿಯಂತೆ ಉಬ್ಬಿಸಿ ಇದ್ದಿಲನ್ನು ಊದುತ್ತಿದ್ದ. ಹೊಗೆಯೇನೋ ಧಾರಾಳವಾಗಿತ್ತು, ಬೆಂಕಿ ಮಾತ್ರ ಇರಲಿಲ್ಲ. ತರ್ಕಶಾಸ್ತ್ರಕ್ಕೆ ಸವಾಲಾದ ಈ ಸ್ಥಿತಿಯಲ್ಲಿ ಅವನ ಬಿಳಿ ಮೀಸೆ ಕಪ್ಪಾಯಿತು, ಕಣ್ಣು ಕೆಂಪಾಯಿತು. ಗೋಡೆಯಾಚೆಯಿಂದ ಪಾದ್ರಿಗಳ ಆಶೀರ್ವಾದದ ಮಂತ್ರ ಕೇಳಿಸಿತು, ತೀರ್ಥ ಚಿಮುಕಿಸುವ ಸದ್ದೂ ಕೇಳಿಸಿತು. ಹಬ್ಬದಂದು ಮನೆಬಾಗಿಲ ಮೇಲೆ ಬರೆಯುವ ಸೀಮೆಸುಣ್ಣದ ಆಶೀರ್ವಾದ ಮುಗಿಯಿತೆಂದು ಅವನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮತ್ತೆ ಊದತೊಡಗಿದ.

ಇದ್ದಿಲು ಕೊನೆಗೂ ಕೆಂಡವಾಗಿ ಅವನು ಒಳಗೆ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಜನ ಮನೆಗೆ ಹೋಗಿಯಾಗಿತ್ತು. ಆಗ ಅವನ ಕಣ್ಣಿಗೆ ಬಿದ್ದದ್ದು ಗೋದಲಿಯ ಮುಂದೆ, ಬಾಲಯೇಸುವಿನ ಪಾದದ ಬಳಿ ಅವನೇ ಬೆಳಿಗ್ಗೆ ಇಟ್ಟಿದ್ದ ಬೆತ್ತದ ಬುಟ್ಟಿ. ಅದರ ಮೇಲೆ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಕಸೂತಿ ಬಟ್ಟೆ ಹೊದಿಸಿದ್ದು ಹೊದಿಸಿದಂತೆಯೇ ಇತ್ತು. ಬಟ್ಟೆಯ ಮೇಲೆ ನೀರ ಹನಿಗಳು ಹೊಳೆಯುತ್ತಿದ್ದವು. ಎತ್ತಿ ನೋಡಿದ. ಸೀಮೆಸುಣ್ಣ ಒಂದೂ ಕಡಿಮೆಯಾಗಿಲ್ಲ.

ಹಾಗಾದರೆ ಜನ ಒಯ್ದದ್ದೇನನ್ನು?

ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಬರಿದಾಗಿ ಬಾಯಿ ತೆರೆದು ಕೂತಿತ್ತು. ಅದು ಉಗ್ರಾಣದ ಪೆಟ್ಟಿಗೆ, ಮಕ್ಕಳ ಧರ್ಮಪಾಠದ ಕರಿಹಲಗೆಗೆಂದು ತರಿಸಿದ ಸೀಮೆಸುಣ್ಣದ್ದು. ಅದನ್ನು ಹಂಚಿದವಳು ಜಪಸರ ಸಂಘದ ಯಜಮಾನಿ, ವಿಧವೆ ಪೆಲಾಗಿಯಾ. ತೀರ್ಥ ಬಿದ್ದ ಸುಣ್ಣ ಇಲ್ಲಿ ಗೋದಲಿಯ ಮುಂದೆ ಉಳಿದಿದೆ, ಕರಿಹಲಗೆಯ ಸುಣ್ಣ ಊರಿನ ಮನೆಮನೆಗೂ ಹೋಗಿದೆ. ಇಡೀ ಊರು ಇನ್ನೊಂದು ಗಳಿಗೆಯಲ್ಲಿ ಸ್ಟೂಲು ಹತ್ತಿ, ಬಾಗಿಲ ಚೌಕಟ್ಟಿನ ಮೇಲೆ ಕಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್ ಎಂಬ, ಬಾಲಯೇಸುವನ್ನು ನೋಡಲು ಬಂದ ಮೂವರು ಅರಸರ ಮೊದಲಕ್ಷರಗಳನ್ನೂ ಹೊಸ ವರ್ಷದ ಅಂಕೆಯನ್ನೂ ಬರೆಯಲಿದೆ. ಬರೆದು, ವರ್ಷವಿಡೀ ತಾನು ಸುರಕ್ಷಿತವೆಂದು ನಂಬಿ, ಆಶೀರ್ವಾದವಿಲ್ಲದ ಬಾಗಿಲಲ್ಲಿ ಓಡಾಡಲಿದೆ.

ಇದು ಬೇರೆ ಯಾರದಾದರೂ ತಪ್ಪಾಗಿದ್ದರೆ ಬೋನಿಫಾತ್ಸಿ ಪಾದ್ರಿಗಳ ಬಾಗಿಲನ್ನು ತಟ್ಟುತ್ತಿದ್ದ. ಆದರೆ ಫಾದರ್ ತ್ಸೆಲೆಸ್ತಿನ್ ಊರಿಗೆ ಬಂದದ್ದು ಈ ಶರತ್ಕಾಲದಲ್ಲಷ್ಟೆ. ಬಂದಾಗಿನಿಂದ ಬೋನಿಫಾತ್ಸಿಯ ಗ್ರಹಗತಿ ನೆಟ್ಟಗಿರಲಿಲ್ಲ. ಚಳಿಗಾಲಕ್ಕೆಂದು ಊರಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಿಡುವ ದಿನ ಅವನು ಮುಂದಿಟ್ಟು ಗಂಟೆ ಬಾರಿಸಿ ಇಡೀ ಊರನ್ನು ಕತ್ತಲಲ್ಲಿ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದ. ಕ್ರಿಸ್ಮಸ್ ರಾತ್ರಿ ಬಾಲಯೇಸುವಿನ ವಿಗ್ರಹವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬೀಗದಕೈ ಕಳೆದುಕೊಂಡ. ದೇವಮಾತೆ ಬರಿದಾದ ಗೋದಲಿಯನ್ನು ನೋಡುತ್ತ ಬೆಳಗು ಮಾಡಿದಳು. ಆಗ ಪಾದ್ರಿಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೃದುವಾಗಿ, "ಬೋನಿಫಾತ್ಸಿಯವರೇ, ನಿಮಗೂ ವಯಸ್ಸಾಯ್ತು. ಇನ್ನೊಂದು ಸಲ ಹೀಗಾದ್ರೆ ಬೀಗದಕೈಗಳನ್ನ ಬೇರೆ ಯಾರಿಗಾದ್ರೂ ಕೊಟ್ಟು ನಿಮಗೆ ವಿಶ್ರಾಂತಿ ಕೊಡೋಣ" ಎಂದರು. ಆ ಬೇರೆ ಯಾರಾದರೂ ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಪೆಲಾಗಿಯಾ ಅದಾಗಲೇ ತನ್ನ ಸೊಂಟಪಟ್ಟಿಗೆ ಒಂದು ಕೊಕ್ಕೆ ಹೊಲಿಸಿಕೊಂಡಿದ್ದಳೆಂಬ ಸುದ್ದಿಯಿತ್ತು.

ಬೋನಿಫಾತ್ಸಿಯ ತಂದೆಯೂ ಆ ಬೀಗದಕೈಗಳನ್ನೇ ಹೊತ್ತಿದ್ದ, ತಾತನೂ ಹೊತ್ತಿದ್ದ. ಆ ಗೊಂಚಲು ಸೊಂಟದಲ್ಲಿ ಇಲ್ಲದ ದಿನ ತಾನು ನಡೆದರೆ ಸದ್ದೇ ಆಗದೆಂದು ಅವನಿಗೆ ಭಯ. ಆದ್ದರಿಂದ ಅವನು ಒಂದು ನಿರ್ಧಾರಕ್ಕೆ ಬಂದ. ಯಾರಿಗೂ ತಿಳಿಯದ ಹಾಗೆ, ಸಂಜೆಯೊಳಗೆ, ಊರಿನ ಪ್ರತಿಯೊಂದು ಬಾಗಿಲಿನ ಬರಹವನ್ನೂ ಒರೆಸಿ, ತೀರ್ಥ ಬಿದ್ದ ಸುಣ್ಣದಿಂದ ಮತ್ತೆ ಬರೆಯಬೇಕು. ಜನರ ಕೈಯಲ್ಲಿರುವ ಬರೀ ಸುಣ್ಣವನ್ನು ವಾಪಸು ಪಡೆದುಬಿಡಬೇಕು. ಊರೆಂದರೆ ಹೊಳೆಯ ಎರಡು ದಡಗಳ ಉದ್ದಕ್ಕೆ ಒಂದೇ ಬೀದಿ. ಮನಸ್ಸು ಮಾಡಿದರೆ ಆಗದ್ದಲ್ಲ.

ಬುಟ್ಟಿ ತೋಳಿಗೆ ಸಿಕ್ಕಿಸಿಕೊಂಡು ಮೊದಲು ತನ್ನ ಮನೆಗೇ ಬಂದ. ಹೆಂಡತಿ ಲ್ಯುದ್ವಿಕಾ ಅದಾಗಲೇ ಬಾಗಿಲ ಮೇಲೆ ದುಂಡಗೆ, ಮುತ್ತು ಪೋಣಿಸಿದ ಹಾಗೆ ಬರೆದು, ಸ್ಟೂಲಿನಿಂದ ಇಳಿದು, ಸೊಂಟಕ್ಕೆ ಕೈಯಿಟ್ಟು ತನ್ನ ಕೆಲಸವನ್ನು ತಾನೇ ಮೆಚ್ಚುತ್ತಿದ್ದಳು. ಬೋನಿಫಾತ್ಸಿ ಒಂದು ಮಾತೂ ಆಡದೆ ಸ್ಟೂಲು ಹತ್ತಿದ. ಕೋಟಿನ ತೋಳಿನಿಂದ ಅದನ್ನು ಒರೆಸಿಬಿಟ್ಟ.

ಲ್ಯುದ್ವಿಕಾ ಅವನ ಕಪ್ಪಾದ ಮೀಸೆಯನ್ನು ದಿಟ್ಟಿಸಿ ನೋಡಿದಳು.

"ಬೋನೆಕ್, ಇದ್ದಿಲ ಹೊಗೆ ತಲೆಗೆ ಏರಿದ್ಯಾ?" ಎಂದು ಕೇಳಿದಳು.

"ಹೊಸ ಫಾದರ್ ಅಪ್ಪಣೆ," ಎಂದ ಬೋನಿಫಾತ್ಸಿ, ಬಾಯಿಗೆ ಬಂದದ್ದನ್ನು. "ಈ ವರ್ಷದಿಂದ ಎಲ್ಲರ ಬಾಗಿಲ ಮೇಲೂ ಪರಿಚಾರಕನೇ ಬರೀಬೇಕಂತೆ. ನಿನ್ನ ಹತ್ರ ಇರೋ ಸುಣ್ಣ ಕೊಡು."

"ನೀನು ಬರೀಬೇಕಾ? ನಿನ್ನ ಸಹಿಯನ್ನ ನೀನೇ ಓದೋದಿಲ್ಲ."

"ಅಪ್ಪಣೆ ಅಂದ್ರೆ ಅಪ್ಪಣೆ ಕಣೇ."

ಅವಳು ಏಪ್ರನ್ನಿನ ಜೇಬಿಗೆ ಕೈಹಾಕಿ, ತಡಕಿ, ಒಂದು ತುಂಡನ್ನು ಅವನ ಅಂಗೈಗೆ ಒತ್ತಿದಳು. ಬೋನಿಫಾತ್ಸಿ ಮೂವರು ಅರಸರ ಅಕ್ಷರಗಳನ್ನು ಬರೆದ. ಕಾಸ್ಪರ್ ಬೆನ್ನು ಬಾಗಿಸಿ ನಿಂತ, ಮೆಲ್ಕಿಯೋರನ ಕಾಲುಗಳು ಅಗಲವಾದವು, ಬಾಲ್ತಜಾರ್ ಹೊಟ್ಟೆ ಬಿಟ್ಟುಕೊಂಡು ಅಂಕೆಗಳ ಮೇಲೆ ಒರಗಿದ. ಹೆಂಡತಿಯ ಮುಖವನ್ನು ನೋಡುವ ಧೈರ್ಯ ಸಾಲದೆ, ಅವನು ಆ ಸ್ಟೂಲನ್ನೇ ಹೆಗಲಿಗೇರಿಸಿಕೊಂಡು ಬೀದಿಗಿಳಿದ.

ಎದುರುಮನೆಯ ಕಿಟಕಿಯಲ್ಲಿ ಒಂದು ದಿಂಬು, ದಿಂಬಿನ ಮೇಲೆ ಎರಡು ಮೊಣಕೈ, ಮೊಣಕೈಗಳ ಮೇಲೆ ಪೆಲಾಗಿಯಾ. ಬೀದಿಯಲ್ಲಿ ಬೆಕ್ಕು ದಾಟಿದರೂ ಅದು ಯಾರ ಮನೆಯಿಂದ ಯಾರ ಮನೆಗೆ ಏಕೆ ಹೋಯಿತೆಂದು ಆ ಕಿಟಕಿಗೆ ತಿಳಿದಿರುತ್ತಿತ್ತು. ಬೋನಿಫಾತ್ಸಿ ತಲೆ ತಗ್ಗಿಸಿ ನಡೆದರೂ ಪ್ರಯೋಜನವಾಗಲಿಲ್ಲ. ಹಬ್ಬದ ದಿನ ಹೆಂಡತಿಯ ಬರಹ ಒರೆಸಿದ್ದೇಕೆ, ಸ್ಟೂಲು ಎಲ್ಲಿಗೆ, ಮೀಸೆಗೇನಾಯಿತು ಎಂದು ಒಂದೇ ಉಸಿರಿಗೆ ಮೂರು ಪ್ರಶ್ನೆಗಳು ಬಂದವು. ಪೆಟ್ಟಿಗೆಯ ಸಂಗತಿಯನ್ನು ಅವಳನ್ನೇ ನೇರವಾಗಿ ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಲಿಯ ಬಳಿಗೆ ಹೋಗಿ ತನ್ನ ಕಾಲು ಕುಂಟೆಂದು ಹೇಳುವ ಜಿಂಕೆ ಎಲ್ಲಿದೆ? ಅವನು ಹೆಂಡತಿಗೆ ಹೇಳಿದ ಸುಳ್ಳನ್ನೇ, ಒಮ್ಮೆ ಹೇಳಿ ಅಭ್ಯಾಸವಾಗಿದ್ದರಿಂದ ಇನ್ನಷ್ಟು ಗಾಂಭೀರ್ಯದಿಂದ, ಹೇಳಿದ.

ಪೆಲಾಗಿಯಾ ಹುಬ್ಬೇರಿಸಿದಳು. "ಫಾದರ್ ನನಗೇನೂ ಹೇಳ್ಲಿಲ್ವಲ್ಲ."

"ಪರಿಚಾರಕನಿಗೆ ಹೇಳಿದ್ದು ಅಕ್ಕ."

ಈ ಉತ್ತರ ಅವಳ ಎದೆಗೆ ನಾಟಿತೆಂಬುದು ಅವಳು ಮರುಪ್ರಶ್ನೆ ಕೇಳದೆ ಬಾಗಿಲು ತೆರೆದದ್ದರಿಂದಲೇ ತಿಳಿಯಿತು. ಅವನು ಒರೆಸಿದ, ಬರೆದ, ಅವಳು ಕೊಟ್ಟ ಸುಣ್ಣವನ್ನು ಜೇಬಿಗಿಳಿಸಿದ. ಅವಳು ಕಸೂತಿ ಮೇಜುವಸ್ತ್ರ ಹಾಸಿ ಗಸಗಸೆಯ ಸುರುಳಿಕೇಕು ತಂದಿಟ್ಟಳು. ಪಾದ್ರಿಗಳ ಪರವಾಗಿ ಬಂದವನನ್ನು ಬರಿಬಾಯಲ್ಲಿ ಕಳಿಸುವುದು ಆ ಸೀಮೆಯಲ್ಲಿ ಇಲ್ಲ. ಅವನು ತಿನ್ನುತ್ತಿರುವಾಗ ಅವಳು ಒಳಗಿನ ಕೋಣೆಯಲ್ಲಿ ಟೆಲಿಫೋನಿನ ಬಳಿ ಮೆಲುದನಿಯಲ್ಲಿ ಮಾತಾಡುವುದು ಕೇಳಿಸುತ್ತಿತ್ತು.

ಪರಿಣಾಮವಾಗಿ, ಬೋನಿಫಾತ್ಸಿ ಮುಂದಿನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಹೋಗಿತ್ತು. ಹೋಗುವಾಗ ಬೆಳೆದೂ ಇತ್ತು. ಹೊಸ ಫಾದರ್ ಪ್ರತಿ ಮನೆಯ ಬಾಗಿಲನ್ನೂ ಪರೀಕ್ಷಿಸಲು ಪರಿಚಾರಕರನ್ನು ಕಳಿಸಿದ್ದಾರೆ, ಯಾರ ಮನೆಯಲ್ಲಿ ಧೂಳಿದೆಯೆಂದು ವರದಿ ಹೋಗಲಿದೆ ಎಂಬಲ್ಲಿಗೆ ಅದು ಬಂದಿತ್ತು. ಹೆಂಗಸರು ಹೊಸ್ತಿಲು ತೊಳೆದು ನಿಂತಿದ್ದರು. ಗಂಡಸರು ಕೋಟು ಹಾಕಿಕೊಂಡಿದ್ದರು. ಮೇಜಿನ ಮೇಲೆ ಹುಳಿಕೋಸು ತುಂಬಿದ ಕಡುಬು, ಈರುಳ್ಳಿಯಲ್ಲಿ ನೆನೆಸಿದ ಉಪ್ಪುಮೀನು, ಹೊಗೆಗಟ್ಟಿಸಿದ ಹಂದಿಮಾಂಸ ಸಾಲಾಗಿ ಕೂತಿದ್ದವು. ಎಲ್ಲದರ ಹಿಂದೆ, ಸೈನ್ಯದ ಹಿಂದೆ ಸೇನಾಪತಿಯ ಹಾಗೆ, ಪ್ಲಮ್ ಹಣ್ಣಿನ ಸಾರಾಯಿಯ ಸೀಸೆ.

ಬೋನಿಫಾತ್ಸಿ ಮೊದಲ ಮನೆಗಳಲ್ಲಿ ಬೇಡವೆಂದ. ಬೇಡವೆಂದರೆ, ನಮ್ಮ ಮನೆಯದು ಫಾದರಿಗೆ ಸೇರೋದಿಲ್ಲವೇ ಎಂದು ಮುಖ ಸಣ್ಣದು ಮಾಡಿದರು. ಆಮೇಲಿನ ಮನೆಗಳಲ್ಲಿ ಅರ್ಧ ಗುಟುಕೆಂದ. ಹೊಳೆಯ ಸೇತುವೆ ಮುಟ್ಟುವ ಹೊತ್ತಿಗೆ ಏನನ್ನೂ ಅನ್ನುವುದನ್ನು ಬಿಟ್ಟಿದ್ದ. ಕಾಸ್ಪರ್, ಮೆಲ್ಕಿಯೋರ್, ಬಾಲ್ತಜಾರರು ಮನೆಯಿಂದ ಮನೆಗೆ ಹೆಚ್ಚು ಹೆಚ್ಚು ಉಲ್ಲಾಸಗೊಂಡರು. ಬೆತ್ಲೆಹೇಮಿಗೆ ಹೊರಟ ಯಾತ್ರಿಕರಂತೆ ಇದ್ದವರು ಕ್ರಮೇಣ ಮದುವೆ ಮನೆಯಿಂದ ವಾಪಸಾಗುವವರಂತೆ ಕಾಣತೊಡಗಿದರು. ಆದರೂ ಅವನ ಅಂತಃಕರಣ ಹಗುರವಾಗುತ್ತಿತ್ತು. ಒಂದೊಂದು ಬಾಗಿಲು ದಾಟಿದಂತೆ ಒಂದೊಂದು ಕುಟುಂಬ ಅಪಾಯದಿಂದ ಪಾರಾಯಿತು ಎಂಬ ಸಂತೋಷ. ಬರಹ ಹೇಗಾದರೂ ಇರಲಿ, ಸುಣ್ಣ ಪವಿತ್ರವಷ್ಟೆ.

ಸೇತುವೆಯಾಚೆ ಒಂದೇ ಸೂರಿನಡಿ ಎರಡು ಬಾಗಿಲಿನ ಮನೆ. ಒಂದರಲ್ಲಿ ನಿವೃತ್ತ ಅರಣ್ಯ ಕಾವಲುಗಾರ ಕ್ಲೆಮೆನ್ಸ್, ಇನ್ನೊಂದರಲ್ಲಿ ಅವನ ತಂಗಿ ಆಗಾತಾ. ತಂದೆಯ ಮನೆಯನ್ನು ಪಾಲು ಮಾಡಿಕೊಂಡಾಗಿನಿಂದ ಅವರ ನಡುವೆ ಎಲ್ಲವೂ ಸಮವಾಗಿರಬೇಕು. ಚಿಮಣಿಯ ಎತ್ತರ, ಕಿಟಕಿಯ ಹೂಕುಂಡ, ಅಂಗಳದ ಹಿಮವನ್ನು ಯಾರು ಎಲ್ಲಿಯವರೆಗೆ ಗೋರಬೇಕೆಂಬುದು ಸಹ. ಬೋನಿಫಾತ್ಸಿ ಕ್ಲೆಮೆನ್ಸನ ಬಾಗಿಲ ಮೇಲೆ ಬರೆದು, ಕಡುಬು ತಿಂದು, ಆಗಾತಳ ಬಾಗಿಲಿಗೆ ಬಂದು ಬರೆದು ಇಳಿದ. ಆಗಾತಾ ಸ್ಟೂಲು ಹತ್ತಿ ಗೇಣು ಹಾಕಿ ಅಳೆದಳು. ಇಳಿದು ಅಣ್ಣನ ಬಾಗಿಲಿಗೆ ಹೋಗಿ ಅಲ್ಲಿಯೂ ಅಳೆದಳು.

"ನಮ್ಮಣ್ಣಂದು ಒಂದು ಬೆರಳು ಉದ್ದ," ಎಂದಳು. "ಅವನಿಗೆ ಜಾಸ್ತಿ ಆಶೀರ್ವಾದ, ನನಗೆ ಕಡಿಮೆ. ಸಾಯೋ ಮುಂಚೆ ಅಪ್ಪನೂ ಹೀಗೇ ಮಾಡಿದ್ದು."

ಬೋನಿಫಾತ್ಸಿ ಅವಳದನ್ನು ಒರೆಸಿ ದೊಡ್ಡದಾಗಿ ಬರೆದ. ಆಗ ಕ್ಲೆಮೆನ್ಸ್ ತನ್ನ ಹಳೆಯ ಮರದ ಅಳತೆಕೋಲನ್ನು ತಂದ, ಕಾಡಿನಲ್ಲಿ ಮರಗಳ ಸುತ್ತಳತೆಯ ವಿಷಯದಲ್ಲಿ ಯಾರೂ ತನ್ನನ್ನು ಮೋಸಗೊಳಿಸಿರಲಿಲ್ಲವೆಂದು ನೆನಪಿಸುತ್ತ. ಈಗ ಅವನದು ಚಿಕ್ಕದಾಗಿತ್ತು. ಅಲ್ಲಿ ಒರೆಸಿ, ಇಲ್ಲಿ ಬರೆದು, ಇಲ್ಲಿ ಒರೆಸಿ, ಅಲ್ಲಿ ಬರೆದು, ಅಕ್ಷರಗಳು ಚೌಕಟ್ಟನ್ನು ದಾಟಿ ಗೋಡೆಗೆ ಹಬ್ಬುವ ಹಂತಕ್ಕೆ ಬಂದಾಗ ಬೋನಿಫಾತ್ಸಿಗೆ ಒಂದು ಉಪಾಯ ಹೊಳೆಯಿತು. ಎರಡು ಬಾಗಿಲುಗಳ ನಡುವಿನ ಕಂಬದ ಮೇಲೆ ಒಂದೇ ಬರಹ ಬರೆದು, ಇದು ಇಬ್ಬರಿಗೂ ಸೇರಿದ್ದು, ಪಾಲಿಲ್ಲ ಎಂದುಬಿಟ್ಟ. ಅಣ್ಣತಂಗಿ ಇಬ್ಬರೂ ಅದನ್ನು ದೀರ್ಘಕಾಲ ಅನುಮಾನದಿಂದ ನೋಡಿದರು. ಇಬ್ಬರಿಗೂ ಸಮವಾಗಿ ಅನ್ಯಾಯವಾಗಿದೆಯೆಂದು ಖಚಿತವಾದ ಮೇಲೆ ಒಪ್ಪಿದರು.

ಇಷ್ಟಾದರೂ ಊರಿನ ಮುಖ್ಯಸ್ಥ ಫ್ಲೋರಿಯಾನನ ಮನೆ ಉಳಿದಿತ್ತು. ಫ್ಲೋರಿಯಾನ್ ಕೆಲಸದಲ್ಲಿ ಮುಂದಾಲೋಚನೆಯ ಮನುಷ್ಯ. ವರ್ಷದ ಮಳೆಗೂ ಹಿಮಕ್ಕೂ ಆಶೀರ್ವಾದ ಮಾಸಿಹೋಗುತ್ತದೆಂದು ಮನಗಂಡು, ಹೊಸ ಓಕ್ ಮರದ ಬಾಗಿಲ ಮೇಲೆ ಸುಣ್ಣದಿಂದ ಬರೆದದ್ದೇ ತಡ, ಅದರ ಮೇಲೆ ವಾರ್ನಿಷ್ ಬಳಿದಿದ್ದ. ಅಡಿಗೆಮನೆಯ ಬಿಸಿಗೆ ಅದು ಒಣಗಿಯೂ ಆಗಿತ್ತು. ಬೋನಿಫಾತ್ಸಿ ತೋಳಿನಿಂದ ಒರೆಸಿದ, ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದ, ಇನ್ನೂ ಹೊಳೆಯಿತು. ಮನೆಯವರು ಒಳಗೆ ಊಟ ಮಾಡುತ್ತಿರುವ ಸದ್ದು ಕೇಳಿ, ಜೇಬಿನ ಚೂರಿಯನ್ನು ತೆಗೆದು ಮೆತ್ತಗೆ ಕೆರೆದ. ಸಾರಾಯಿ ಕುಡಿದ ಕೈಗೆ ಮೆತ್ತಗೆ ಎಂಬುದರ ಅಂದಾಜು ತಪ್ಪಿತ್ತು. ಕಾಸ್ಪರನ ಒಂದು ಅಂಚಿನ ಜೊತೆಗೆ ಓಕ್ ಮರದ ಒಂದು ಉದ್ದ ಸಿಬಿರೂ ಎದ್ದು ಬಂತು.

ಬಾಗಿಲು ತೆರೆಯಿತು. ಫ್ಲೋರಿಯಾನ್ ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿಕೊಂಡು, ಕೈಯಲ್ಲಿ ಚಮಚ ಹಿಡಿದು ನಿಂತಿದ್ದ. ಸ್ಟೂಲಿನ ಮೇಲೆ ಚೂರಿ ಹಿಡಿದು ನಿಂತ ಚರ್ಚಿನ ಪರಿಚಾರಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನಪ್ಪ ಮಾಡ್ತಿದೀಯ?"

"ಆಶೀರ್ವಾದ," ಎಂದ ಬೋನಿಫಾತ್ಸಿ.

ಮುಂದಿನ ಮಾತುಗಳಲ್ಲಿ ಹೆಚ್ಚಿನವು ಹಬ್ಬದ ದಿನಕ್ಕೆ ತಕ್ಕವಲ್ಲ. ಓಕ್ ಮರ ಎಲ್ಲಿಂದ ಬಂತು, ಅದನ್ನು ಎಷ್ಟು ತಿಂಗಳು ಒಣಗಿಸಲಾಯಿತು, ಬೋನಿಫಾತ್ಸಿಯ ಇಡೀ ವಂಶ ಯಾವ ಮರದಿಂದ ಮಾಡಲ್ಪಟ್ಟಿದೆ ಎಂಬುದನ್ನೆಲ್ಲ ಫ್ಲೋರಿಯಾನ್ ವಿಸ್ತರಿಸಿದ. ಬೋನಿಫಾತ್ಸಿ ಕೇಳುತ್ತಲೇ, ಗಾಯದ ಕೆಳಗೆ ಇದ್ದ ಖಾಲಿ ಜಾಗದಲ್ಲಿ ಮೂವರು ಅರಸರನ್ನು ಇನ್ನೊಮ್ಮೆ ಬರೆದು, ಉಳಿದ ಸುಣ್ಣವನ್ನು ಬೇಡಿ ಪಡೆದು, ಸ್ಟೂಲನ್ನು ಗುರಾಣಿಯ ಹಾಗೆ ಬೆನ್ನಿಗೆ ಹಿಡಿದು ನಡೆದ. ಹಿಂದಿನಿಂದ, ಇವತ್ತೇ ಫಾದರ್ ಹತ್ತಿರ ಹೋಗ್ತೀನಿ ಎಂಬ ಕೂಗು ಅಟ್ಟಿಸಿಕೊಂಡು ಬಂತು.

ಹೊತ್ತು ಇಳಿಯುತ್ತಿತ್ತು. ಆದರೆ ಒಂದು ಬಾಗಿಲೂ ಉಳಿದಿರಲಿಲ್ಲ. ಬೋನಿಫಾತ್ಸಿ ಸೇತುವೆಯ ಮೇಲೆ ನಿಂತು, ಜೇಬು ತುಂಬ ಕೂಡಿಹಾಕಿದ್ದ ಬರೀ ಸುಣ್ಣದ ತುಂಡುಗಳನ್ನು ಹಿಡಿಹಿಡಿಯಾಗಿ ಹೊಳೆಗೆ ಸುರಿದ. ಹಿಮದ ನಡುವೆ ಹರಿಯುತ್ತಿದ್ದ ಕಪ್ಪು ನೀರು ಒಂದು ಕ್ಷಣ ಹಾಲಿನ ಬಣ್ಣ ತಳೆದು ಮತ್ತೆ ಕಪ್ಪಾಯಿತು. ಊರಿನ ಮೇಲೆ ಚಿಮಣಿಗಳ ಹೊಗೆ ನೆಟ್ಟಗೆ ಏರುತ್ತಿತ್ತು, ಕಿಟಕಿಗಳಲ್ಲಿ ದೀಪಗಳು ಮೂಡುತ್ತಿದ್ದವು. ಪ್ರತಿ ದೀಪದ ಕೆಳಗೂ ಒಂದು ಬಾಗಿಲು, ಪ್ರತಿ ಬಾಗಿಲ ಮೇಲೂ ತನ್ನ ಕೈಬರಹ. ಅವನ ಕಣ್ಣು ತುಂಬಿ ಬಂತು. ಅದರಲ್ಲಿ ಪ್ಲಮ್ ಹಣ್ಣಿನ ಪಾಲೆಷ್ಟು, ಭಕ್ತಿಯ ಪಾಲೆಷ್ಟು ಎಂದು ವಿಂಗಡಿಸುವುದು ಕಷ್ಟ. ಫ್ಲೋರಿಯಾನ್ ದೂರು ಕೊಟ್ಟರೂ ಕೊಡಲಿ, ಬೀಗದಕೈ ಹೋದರೂ ಹೋಗಲಿ, ಊರು ಕ್ಷೇಮ ಎಂದುಕೊಂಡ.

ಅಂದುಕೊಳ್ಳುವುದಕ್ಕೂ ಪಾದ್ರಿಗಳ ಮನೆಯ ಅಡಿಗೆಯಾಕೆ ಬಂದು, ಫಾದರ್ ಕರೆಯುತ್ತಾರೆಂದು ಹೇಳುವುದಕ್ಕೂ ಸರಿಹೋಯಿತು.

ಫಾದರ್ ತ್ಸೆಲೆಸ್ತಿನ್ ಒಲೆಯ ಪಕ್ಕ ಕೂತು ಹಳೆಯ ಲ್ಯಾಟಿನ್ ಪೂಜಾವಿಧಿಯ ಗ್ರಂಥವೊಂದನ್ನು ಓದುತ್ತಿದ್ದರು. ಫ್ಲೋರಿಯಾನ್ ಬಂದು ಹೋಗಿದ್ದನೆಂಬುದಕ್ಕೆ ಸಾಕ್ಷಿಯಾಗಿ ಓಕಿನ ಸಿಬಿರು ಮೇಜಿನ ಮೇಲಿತ್ತು. ಬೋನಿಫಾತ್ಸಿ ಅದನ್ನು ಕಂಡವನೇ, ಪ್ರಶ್ನೆಗೆ ಕಾಯದೆ, ಸೊಂಟದ ಗೊಂಚಲನ್ನು ಬಿಚ್ಚಿ ಸಿಬಿರಿನ ಪಕ್ಕ ಇಟ್ಟ. ಇಟ್ಟು, ಒದ್ದೆ ಇದ್ದಿಲಿನಿಂದ ಮೊದಲುಗೊಂಡು ಸೇತುವೆಯವರೆಗೆ ಎಲ್ಲವನ್ನೂ ನಿವೇದಿಸಿದ. ಅಪ್ಪಣೆಯೆಂದು ಫಾದರ್ ಹೆಸರಿನಲ್ಲಿ ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ.

ಪಾದ್ರಿಗಳು ಗ್ರಂಥವನ್ನು ಮುಚ್ಚಿದರು.

"ಪೆಟ್ಟಿಗೆಯಲ್ಲಿದ್ದ ಸುಣ್ಣಕ್ಕೆ ಆಶೀರ್ವಾದ ಆಗಿರಲಿಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು.

ಯಾರೂ ಹೇಳಿರಲಿಲ್ಲ. ಬುಟ್ಟಿಯ ಬಟ್ಟೆಯ ಮೇಲೆ ತೀರ್ಥದ ಹನಿಗಳಿದ್ದವು, ಅದನ್ನು ಕಂಡೆ ಎಂದ ಬೋನಿಫಾತ್ಸಿ.

"ಹಳೇ ವಿಧಿ ಪ್ರಕಾರ ಸೀಮೆಸುಣ್ಣಕ್ಕೆ ಹಬ್ಬದ ಹಿಂದಿನ ಸಂಜೆ ಆಶೀರ್ವಾದ. ನಿನ್ನೆ ನಿಮ್ಮನ್ನ ಹುಡುಕಿದೆ, ನೀವು ಊಟಕ್ಕೆ ಹೋಗಿದ್ರಿ. ಪೆಲಾಗಿಯಾ ಇದ್ರು, ಉಗ್ರಾಣದ ಪೆಟ್ಟಿಗೆ ಅವರೇ ತಂದ್ರು, ಗ್ರಂಥ ಅವರೇ ಹಿಡ್ಕೊಂಡ್ರು. ಒಂದು ಗಂಟೆ ಹಿಡೀತು ಆ ಪ್ರಾರ್ಥನೆ. ನಿಮಗೆ ಹೇಳಿ ಅಂತ ಅವರಿಗೆ ಹೇಳಿದ್ದೆ."

"ಮತ್ತೆ ಇವತ್ತು ಪೂಜೇಲಿ ಕೇಳಿಸಿದ್ದು?"

"ಅದು ಧೂಪಕ್ಕೆ."

"ಆ ಹನಿಗಳು, ಫಾದರ್?"

"ಹಿಮ ಕರಗಿ ಗೋದಲಿ ಮೇಲೆ ಸೂರು ಸೋರ್ತಿದೆ," ಎಂದರು ಪಾದ್ರಿಗಳು. "ಅದನ್ನೂ ನಿಮಗೆ ಹೇಳಬೇಕು ಅಂತಿದ್ದೆ."

ಹಾಗಾದರೆ ಬೋನಿಫಾತ್ಸಿ ದಿನವಿಡೀ, ಬೆನ್ನು ಮುರಿಯುವ ಹಾಗೆ, ಊರಿನ ಪ್ರತಿ ಬಾಗಿಲಿನಿಂದಲೂ ಆಶೀರ್ವಾದವನ್ನು ಒರೆಸಿ ಅದರ ಜಾಗದಲ್ಲಿ ಹಿಮದ ನೀರನ್ನು ಬರೆದಿದ್ದ. ಆಶೀರ್ವಾದ ಪಡೆದ ಸುಣ್ಣವಾದರೂ ಎಲ್ಲಿ ಎಂದು ಪಾದ್ರಿಗಳು ಕೇಳಿದರು. ಹೊಳೆಯಲ್ಲಿ ಎಂದ.

ಪಾದ್ರಿಗಳು ಎದ್ದು ಕಿಟಕಿಯ ಬಳಿ ಹೋದರು. ಅವರ ಭುಜಗಳು ಅಲುಗುತ್ತಿದ್ದವು. ಕೋಪವೆಂದುಕೊಂಡು ಬೋನಿಫಾತ್ಸಿ ಕಣ್ಣು ಮುಚ್ಚಿದ.

"ಈ ವರ್ಷ ಮೀನುಗಳಿಗೆ ಯಾವ ಭಯವೂ ಇಲ್ಲ," ಎಂದರು ಪಾದ್ರಿಗಳು, ಕಣ್ಣೊರೆಸಿಕೊಳ್ಳುತ್ತ ತಿರುಗಿ. ಆಮೇಲೆ ಗೊಂಚಲನ್ನು ಎತ್ತಿ ಅವನ ಕೈಯಲ್ಲೇ ಇಟ್ಟರು. "ತಗೊಳ್ಳಿ. ಜನರ ಮನೆ ಬಾಗಿಲ ಚಿಂತೇಲಿ ದಿನವಿಡೀ ಹಿಮದಲ್ಲಿ ಅಲೆದವನ ಹತ್ತಿರ ಬೀಗದಕೈ ಕಿತ್ಕೊಂಡು ನಾನು ಯಾವ ಬಾಗಿಲು ತೆಗೀಲಿ? ಬುಟ್ಟಿಯಲ್ಲಿ ಉಳಿದದ್ದಕ್ಕೆ ಈಗಲೇ ಆಶೀರ್ವಾದ ಮಾಡ್ತೀನಿ. ನಾಳೆ ಬೆಳಿಗ್ಗೆಯಿಂದ ಇನ್ನೊಂದು ಸುತ್ತು ಹೋಗಿ ಬನ್ನಿ. ಅಪ್ಪಣೆ ಅಂತ ಹೇಳಿದೀರಲ್ಲ, ಅದು ಸುಳ್ಳಾಗೋದು ಬೇಡ. ಇನ್ನು ಮೇಲೆ ಪ್ರತಿ ವರ್ಷ ಪರಿಚಾರಕರೇ ಬರೀಲಿ. ಭಾನುವಾರ ಪೂಜೇಲಿ ಪ್ರಕಟಿಸ್ತೀನಿ."

ಬೋನಿಫಾತ್ಸಿ ಹೊರಗೆ ಬಂದಾಗ ಗೊಂಚಲು ಸೊಂಟದಲ್ಲಿ ಎಂದಿನಂತೆ ಸದ್ದು ಮಾಡುತ್ತಿತ್ತು. ಅದೇ ಅವನಿಗೆ ಸಂಗೀತ. ಆದರೆ ಊರಿನ ಇಷ್ಟೊಂದು ಜನ ಈ ಒಂದು ರಾತ್ರಿಯನ್ನು ಹಿಮದ ನೀರಿನ ಆಸರೆಯಲ್ಲಿ ಕಳೆಯಬೇಕಲ್ಲ ಎಂಬ ಅಳಲು ಅವನನ್ನು ಬಿಡಲಿಲ್ಲ. ಅದರಲ್ಲೂ ಲ್ಯುದ್ವಿಕಾ. ಅವಳ ಮುತ್ತಿನಂಥ ಬರಹವನ್ನು ಮೊದಲು ಒರೆಸಿದ್ದು ತಾನೇ.

ಮನೆಯ ಮುಂದೆ ಬಂದು ತಲೆಯೆತ್ತಿದ. ಲಾಟೀನಿನ ಬೆಳಕಿನಲ್ಲಿ ಬಾಗಿಲ ಮೇಲೆ ದುಂಡನೆಯ ಅಕ್ಷರಗಳು, ಮುತ್ತು ಪೋಣಿಸಿದ ಹಾಗೆ. ಬೆನ್ನು ಬಾಗಿದ ಕಾಸ್ಪರನೂ ಇಲ್ಲ, ಹೊಟ್ಟೆ ಬಿಟ್ಟ ಬಾಲ್ತಜಾರನೂ ಇಲ್ಲ.

ಲ್ಯುದ್ವಿಕಾ ಬಾಗಿಲು ತೆಗೆದಳು. ಅವನು ಬರಹದ ಕಡೆ ಬೆರಳು ತೋರಿಸಿದ.

"ಹೂಂ, ನಾನೇ," ಎಂದಳು ಅವಳು. "ನೀನು ಬರೆದಿದ್ದನ್ನ ವರ್ಷವಿಡೀ ಬಾಗಿಲ ಮೇಲೆ ಇಟ್ಕೊಳ್ಳೋಕೆ ನನಗೆ ಹುಚ್ಚಾ? ನೀನು ಬೀದಿ ತಿರುಗಿದ್ದೇ ತಡ, ಒರೆಸಿ ಬರೆದೆ."

"ಯಾವ ಸುಣ್ಣದಿಂದ? ನನಗೆ ಕೊಟ್ಟೆಯಲ್ಲ."

"ಅರ್ಧ ಕೊಟ್ಟೆ. ಆಶೀರ್ವಾದ ಆದ ಸುಣ್ಣವನ್ನ ಪೂರ್ತಿ ಯಾರಾದ್ರೂ ವಾಪಸು ಕೊಡ್ತಾರಾ? ಗುಡುಗು ಸಿಡಿಲಿಗೆ ಅಂತ ಅರ್ಧ ಮುರಿದು ದೇವಮಾತೆ ಪಟದ ಹಿಂದೆ ಇಡ್ತೀವಿ. ನಮ್ಮಮ್ಮನೂ ಇಡ್ತಿದ್ದಳು, ಎಲ್ಲರೂ ಇಡ್ತಾರೆ. ಇಷ್ಟು ವರ್ಷ ಚರ್ಚಲ್ಲಿ ಏನು ನೋಡಿದೆ ನೀನು?"

ಬೋನಿಫಾತ್ಸಿ ತಿರುಗಿ ಬೀದಿಗೆ ಓಡಿದ. ಪಕ್ಕದ ಮನೆಯ ಬಾಗಿಲ ಮೇಲೆ ನೀಟಾದ ಓರೆಯಕ್ಷರಗಳು. ಅದರಾಚೆಯದರ ಮೇಲೆ ಬಳ್ಳಿ ಸುತ್ತಿದ ಅಕ್ಷರಗಳು. ಮುಂದಿನದರಲ್ಲಿ ಇನ್ನೂ ಒದ್ದೆ ಬಟ್ಟೆಯ ಗುರುತಿತ್ತು. ಸೇತುವೆಯಾಚೆ ಕಂಬವನ್ನು ಸ್ವಚ್ಛವಾಗಿ ತೊಳೆದು, ಎರಡು ಬಾಗಿಲುಗಳ ಮೇಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದ ಬರಹಗಳನ್ನು ಬರೆಯಲಾಗಿತ್ತು. ಅವನು ಒಬ್ಬೊಬ್ಬ ಗೃಹಿಣಿಯ ಮನೆಯಿಂದ ಹೊರಬೀಳುತ್ತಿದ್ದಂತೆ ಅವಳು ಸ್ಟೂಲು ಹತ್ತಿದ್ದಳು. ಹೀಗೆ ಇಡೀ ಊರು, ಯಾರೂ ಯಾರಿಗೂ ಹೇಳದೆ, ಅವನ ಬೆನ್ನ ಹಿಂದೆಯೇ ಅವನ ಪರಿಶ್ರಮವನ್ನು ಅಳಿಸುತ್ತ ಬಂದಿತ್ತು. ಫ್ಲೋರಿಯಾನನ ಬಾಗಿಲಲ್ಲಂತೂ ವಾರ್ನಿಷಿನ ಕೆಳಗೆ ಗಾಯಗೊಂಡ ಮೂವರು ಅರಸರು ತಮ್ಮ ಸ್ಥಾನ ಬಿಟ್ಟು ಕದಲಿರಲೇ ಇಲ್ಲ. ಊರಿನಲ್ಲಿ ಒಂದು ಮನೆಯೂ, ಒಂದು ಗಳಿಗೆಗಿಂತ ಹೆಚ್ಚು ಹೊತ್ತು, ಆಶೀರ್ವಾದ ತಪ್ಪಿ ಇರಲಿಲ್ಲ.

ಅವನು ಬೀದಿಯ ನಡುವೆ ನಿಂತು ಗಟ್ಟಿಯಾಗಿ ನಕ್ಕ. ಈಗಲೇ ಪಾದ್ರಿಗಳಲ್ಲಿಗೆ ಹೋಗಿ ಹೇಳಿಬಿಡಬೇಕು, ನಾಳೆಯ ಸುತ್ತಾಟ ಬೇಕಿಲ್ಲ, ಅಪ್ಪಣೆಯೂ ಬೇಕಿಲ್ಲ ಎಂದು ಹೆಜ್ಜೆ ಹಾಕಿದ.

ತನ್ನ ಮನೆಯ ಎದುರಿನ ಕಿಟಕಿಯನ್ನು ದಾಟುವಾಗ ದಿಂಬಿನ ಮೇಲಿನಿಂದ ಪೆಲಾಗಿಯಾಳ ದನಿ ಬಂತು. "ಬೋನಿಫಾತ್ಸಿ, ಫಾದರ್ ಅಡಿಗೆಯವಳು ಫೋನ್ ಮಾಡಿದ್ಳು. ನಾಳೆ ಮತ್ತೆ ಬರ್ತೀಯಂತಲ್ಲ, ಇನ್ನು ವರ್ಷಾವರ್ಷ ನೀನೇ ಅಂತೆ. ಎಲ್ಲರಿಗೂ ಹೇಳಿದೀನಿ, ಎಲ್ಲರ ಮನೇಲೂ ಹಿಟ್ಟು ನಾದಿ ಇಟ್ಟಾಗಿದೆ. ಬರಲ್ಲ ಅಂತ ಮಾತ್ರ ಅನ್ಬೇಡ. ಕಡುಬು ಹಾಳಾಗುತ್ತೆ, ಫಾದರ್ ಮಾತೂ ಹಾಳಾಗುತ್ತೆ."

ಬೋನಿಫಾತ್ಸಿ ಅಲ್ಲೇ ನಿಂತ. ಉಪ್ಪುಮೀನು ಒಳಗಿನಿಂದ ಒಮ್ಮೆ ಮೇಲಕ್ಕೆ ಬಂದು ವಿಚಾರಿಸಿಕೊಂಡು ಹೋಯಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವನು ಬುಟ್ಟಿಯನ್ನೂ ಸ್ಟೂಲನ್ನೂ ಹೊತ್ತು ಹೊರಟ. ಪೆಲಾಗಿಯಾಳ ಸುಂದರವಾದ ಬರಹವನ್ನು ವಿಧಿಪೂರ್ವಕವಾಗಿ ಒರೆಸಿ, ಅವಳು ನೋಡುತ್ತಿರುವಂತೆಯೇ ತನ್ನ ಬಾಗಿದ ಕಾಸ್ಪರನನ್ನು ಬರೆಯತೊಡಗಿದ. ಅವಳು ಕೇಕಿನ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ, ಅವನು ಇಳಿಯುವುದನ್ನೇ ಕಾಯುತ್ತ, ಒದ್ದೆ ಬಟ್ಟೆ.